ಎರಕದ ಗುಂಡಿಗೆ ಮದ್ದು ಎಷ್ಟು? ಅರ್ಧಕ್ಕೆ ಇಳಿಸಿದರೆ ಸಾಕಾ?

ಹೊಸಕೈ:
ನನ್ನ ಹತ್ತಿರ .30-30 ಲಿವರ್ ರೈಫಲ್ ಇದೆ. ಇಷ್ಟು ದಿನ ತಾಮ್ರದ ಕವಚದ ಗುಂಡು ಹಾಕಿ ತೋಟಾ ತುಂಬುತ್ತಿದ್ದೆ. ಈಗ ಸೀಸ ಕರಗಿಸಿ ನಾನೇ ಗುಂಡು ಎರಕ ಹೊಯ್ಯಲು ಶುರು ಮಾಡಿದ್ದೇನೆ. ಅಚ್ಚು 170 ಗ್ರೇನ್‌ನದು. (ಗ್ರೇನ್ ಅಂದರೆ ತೂಕದ ಅಳತೆ.) ಗುಂಡಿನ ಮೂತಿ ಚಪ್ಪಟೆ, ಬುಡಕ್ಕೆ ಗ್ಯಾಸ್ ಚೆಕ್ (ಪುಟ್ಟ ತಾಮ್ರದ ಟೊಪ್ಪಿ) ಕೂರುತ್ತದೆ. ಸೀಸ, ಕಾರಿನ ಚಕ್ರದ ಸಮತೋಲನಕ್ಕೆ ಹಚ್ಚುವ ಹಳೇ ವೀಲ್ ವೆಯ್ಟ್‌ಗಳದ್ದು.

ಮೊದಲ ಸಲ ಕವಚದ ಗುಂಡಿಗೆ ಹಾಕುವಷ್ಟೇ ಮದ್ದು ಹಾಕಿದೆ, ಅದೇ ಬಾಲ್ ಪೌಡರ್ (ಸಣ್ಣ ಉಂಡೆಕಾಳಿನ ಮದ್ದು). ಹತ್ತು ಗುಂಡಿಗೇ ನಳಿಗೆ ಹಾಳು. ಒದ್ದೆ ಪ್ಯಾಚ್ (ನಳಿಗೆ ಒರೆಸುವ ಬಟ್ಟೆ ತುಂಡು) ತಳ್ಳಿದರೆ ಕೇಸಿನ (ತೋಟಾ ಕೊಳವೆಯ) ಬಾಯಿ ಇರುವ ಜಾಗ ದಾಟಿದ ಕೂಡಲೇ ಗರಗರ ಅನ್ನುತ್ತದೆ. ಹೊರಗೆ ಬಂದ ಪ್ಯಾಚಿನ ತುಂಬ ಬೆಳ್ಳಿ ಚೂರು. 50 ಗಜದಲ್ಲಿ ಗುಂಡುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದವು.

ವೇಗ ಜಾಸ್ತಿ ಆಯ್ತು ಅಂತ ಕಾಣುತ್ತದೆ. ಅದೇ ಮದ್ದನ್ನು ಅರ್ಧಕ್ಕೆ ಇಳಿಸಿದರೆ ಆಗುತ್ತದಾ? ಒಂದು ಡಬ್ಬಿ 4227 (ಬೇಗ ಉರಿಯುವ ಮದ್ದು) ಕೂಡ ಇದೆ, ಇನ್ನೂ ತೆರೆದಿಲ್ಲ. ಸೀಸ ಮೆತ್ತಗಾಯ್ತಾ ಅನ್ನೋ ಅನುಮಾನವೂ ಇದೆ. ಲೈನೋಟೈಪ್ (ಅಚ್ಚುಮೊಳೆಯ ಗಟ್ಟಿ ಸೀಸ) ಸೇರಿಸಲಾ?

ಸೀಸದ ಮೇಷ್ಟ್ರು:
ಅರ್ಧಕ್ಕೆ ಇಳಿಸಬೇಡಿ. ಬೇರೆ ಮಾತೆಲ್ಲ ಆಮೇಲೆ.

ನಿಧಾನಕ್ಕೆ ಉರಿಯುವ ಮದ್ದಿಗೆ ಕೇಸು ತುಂಬಿರಬೇಕು, ಒತ್ತಡ ಏರಬೇಕು. ಆಗಲೇ ಅದು ಸರಿಯಾಗಿ ಉರಿಯುವುದು. ಅರ್ಧ ಖಾಲಿ ಕೇಸಿನಲ್ಲಿ ಅದು ಪೂರ್ತಿ ಹೊತ್ತಿಕೊಳ್ಳದೆ ಗುಂಡು ನಳಿಗೆ ಮಧ್ಯದಲ್ಲೇ ನಿಂತುಬಿಡಬಹುದು. ಶಬ್ದ ಸ್ವಲ್ಪ ಪುಸ್ ಅಂದಿರುತ್ತದೆ. ಗಮನಿಸದೆ ಲಿವರ್ ಎಳೆದು ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಬಾಲ್ ಪೌಡರ್‌ಗಳಲ್ಲಿ ಈ ತೊಂದರೆ ಜಾಸ್ತಿ. ಇಳಿಸಿ ಬಳಸಬಹುದು ಅಂತ ತಯಾರಕರೇ ಹೇಳಿರುವ ಮದ್ದುಗಳೂ ಇವೆ. ಎಚ್4895 ಅನ್ನೋ ಮದ್ದಿಗೆ ತಮ್ಮ ಪುಸ್ತಕದ ಗರಿಷ್ಠ ಅಳತೆಯ 60%ವರೆಗೆ ಇಳಿಯಬಹುದು ಅಂತ ಹಾಡ್ಗ್ಡನ್‌ನವರೇ ಪ್ರಕಟಿಸಿದ್ದಾರೆ. ಆ ಲೆಕ್ಕ ಆ ಡಬ್ಬಿಗೆ ಮಾತ್ರ. ಪಕ್ಕದ ಡಬ್ಬಿಗೆ ಅನ್ವಯಿಸಬೇಡಿ, ಅದರ ಮೇಲೂ 4895 ಅಂತ ಬರೆದಿದ್ದರೂ ಸಹ.

ಈಗ ನಿಮ್ಮ ಪ್ಯಾಚಿನ ವಿಷಯ. ಕೇಸಿನ ಬಾಯಿ ದಾಟಿದ ಕೂಡಲೇ ಗರಗರ ಅಂದಿರಿ ನೋಡಿ, ಉತ್ತರ ಅಲ್ಲೇ ಇದೆ. ಗ್ರೀಸು ಸಾಲದೆ ಸೀಸ ಅಂಟಿದರೆ ಅದು ಸಾಮಾನ್ಯವಾಗಿ ನಳಿಗೆಯ ಮೂತಿ ಕಡೆ ಕಾಣುತ್ತದೆ. ಶುರುವಿನಲ್ಲೇ ಅಂಟಿದರೆ ಗುಂಡು ಸಣ್ಣದಿದೆ ಅಂತ ಮೊದಲ ಅನುಮಾನ. ಬಿಸಿ ಗಾಳಿ ಗುಂಡಿನ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ನಾನು ಎರಡು ವರ್ಷ ಮದ್ದು ಬದಲಾಯಿಸುತ್ತಲೇ ಕೂತಿದ್ದೆ. ಐದು ಡಬ್ಬಿ ಖರ್ಚು. ಕೊನೆಗೆ ಮೈಕ್ರೋಮೀಟರ್ ಹಿಡಿದರೆ ನನ್ನ ಗುಂಡು ನಳಿಗೆಗಿಂತ ಅರ್ಧ ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಸಣ್ಣದು. ಅಷ್ಟೇ ಕಥೆ.

ನಳಿಗೆ ಅಳೆಯಿರಿ. ರೈಫಲ್ ಖಾಲಿ ಅಂತ ಎರಡು ಸಲ ನೋಡಿ, ಲಿವರ್ ತೆರೆದಿಡಿ. ಶುದ್ಧ ಸೀಸದ, ನಳಿಗೆಗಿಂತ ತುಸು ದಪ್ಪದ ಉಂಡೆಗೆ ಎಣ್ಣೆ ಸವರಿ. ಮೂತಿ ಕಡೆಯಿಂದ ಹಿತ್ತಾಳೆ ಸರಳಿನಲ್ಲಿ ಮೆಲ್ಲಗೆ ತಟ್ಟುತ್ತಾ ಆ ತುದಿಯವರೆಗೆ ತಳ್ಳಿ. ಕೈಗೆ ಗಮನ ಕೊಡಿ. ಸೈಟ್ (ಗುರಿ ನೋಡುವ ಕಡ್ಡಿ) ಕೂರಿಸಲು ತೋಡು ಕೊರೆದ ಜಾಗದಲ್ಲಿ ಕೆಲವು ನಳಿಗೆಗಳು ಬಿಗಿ ಇರುತ್ತವೆ, ಅಲ್ಲಿ ಸರಳು ತಡೆಯುತ್ತದೆ. ಹೊರಬಿದ್ದ ಉಂಡೆಯ ಮೇಲೆ ಎದುರುಬದುರು ಇರುವ ಎತ್ತರದ ಗೆರೆಗಳನ್ನು ಅಳೆಯಿರಿ. ಗುಂಡು ಅದಕ್ಕಿಂತ ಒಂದರಿಂದ ಎರಡು ಥೌ ದಪ್ಪ ಇರಬೇಕು. ಕವಚದ ಗುಂಡಿನ 0.308 ಇಂಚು ಇಲ್ಲಿ ನಡೆಯುವುದಿಲ್ಲ. ಹಾಗೆ ತುಂಬಿದ ತೋಟಾ ಚೇಂಬರಿಗೆ ಸಲೀಸಾಗಿ ಕೂರುತ್ತದಾ ಅಂತಲೂ ನೋಡಿಕೊಳ್ಳಿ.

ಅದಾದ ಮೇಲೆ ಮದ್ದು. ನಿಮ್ಮ 4227 ಒಳ್ಳೇದೇ. ಅಲಯಂಟ್ 2400, ಆಕ್ಯುರೇಟ್ 5744 ಕೂಡ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಎರಕದ ಗುಂಡಿಗೇ ಪ್ರತ್ಯೇಕ ಪಟ್ಟಿ ಇರುವ ಪುಸ್ತಕ ನೋಡಿ, ಅದೇ ತೂಕದ ಗುಂಡು, ಅದೇ ಮದ್ದು, ಶುರುವಿನ ಅಳತೆ. ನನ್ನಿಂದ ಗ್ರೇನ್ ಲೆಕ್ಕ ಕೇಳಬೇಡಿ. ನನ್ನ ರೈಫಲ್ ನಿಮ್ಮದಲ್ಲ. ಕವಚದ 170 ಗ್ರೇನ್ ಸೆಕೆಂಡಿಗೆ ಸುಮಾರು 2200 ಅಡಿ ಹೋಗುತ್ತದೆ. ಎರಕದ್ದಕ್ಕೆ 1600-1800 ಸಾಕು, ಕಾಗದದ ಗುರಿಗೆ ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ.

ಇಂಥ ಬೇಗ ಉರಿಯುವ ಮದ್ದಿನಲ್ಲಿ ಒಂದು ಅಪಾಯ ಇದೆ. ಕೇಸಿನ ತಳದಲ್ಲಿ ಸ್ವಲ್ಪವೇ ಕೂರುತ್ತದೆ, ಹಾಗಾಗಿ ತಪ್ಪಿ ಎರಡು ಸಲ ಸುರಿದರೂ ತುಳುಕುವುದಿಲ್ಲ. ನಾನು 50 ಕೇಸು ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ಒಂದೊಂದನ್ನೂ ನೋಡಿದ ಮೇಲೇ ಗುಂಡು ಕೂರಿಸುವುದು. ಒಂದು ದಿನ ನಾಲ್ಕನೇ ಸಾಲಿನಲ್ಲಿ ಒಂದು ಕೇಸಿನ ಮದ್ದು ಮಾತ್ರ ಬೆಳಕಿಗೆ ಹತ್ತಿರ ಕಂಡಿತು. ಮಧ್ಯೆ ಫೋನ್ ಬಂದಿತ್ತು. ಅವತ್ತು 50 ಕೇಸಿನ ಮದ್ದನ್ನೂ ವಾಪಸ್ ಸುರಿದೆ.

ಗಜಕಡ್ಡಿ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಖಾಲಿ ಜಾಗ ಇರುವ ಕೇಸಿನಲ್ಲಿ ಮದ್ದು ಎಲ್ಲಿ ಬಿದ್ದಿದೆ ಅನ್ನೋದೂ ಮುಖ್ಯ. ಮೂತಿ ಮೇಲೆತ್ತಿ ನಿಧಾನಕ್ಕೆ ಇಳಿಸಿ ಹೊಡೆದರೆ ಮದ್ದು ಪ್ರೈಮರ್ (ಕೇಸಿನ ಬುಡದ ಕಿಡಿ ಬಿಲ್ಲೆ) ಹತ್ತಿರ ಇರುತ್ತದೆ. ಮೂತಿ ತಗ್ಗಿಸಿ ಆಮೇಲೆ ಏರಿಸಿದರೆ ಗುಂಡಿನ ಹತ್ತಿರ. ಯುನಿಕ್ ಅನ್ನೋ ಮದ್ದು ಹಾಕಿ ಎರಡೂ ಥರ ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ಮೇಲೆ ಹೊಡೆದೆ. ಸೆಕೆಂಡಿಗೆ 100 ಅಡಿಯ ಹತ್ತಿರ ವ್ಯತ್ಯಾಸ ಬಂತು. 5744ರಲ್ಲಿ ಅಷ್ಟು ಕಾಣಲಿಲ್ಲ, ಅದು ಹಗುರ, ಜಾಸ್ತಿ ಜಾಗ ತುಂಬುತ್ತದೆ.

ಲೈನೋಟೈಪ್ ಈಗಲೇ ಬೇಡ ಗುರುವೇ. ವೀಲ್ ವೆಯ್ಟ್ ಸೀಸ ಗಟ್ಟಿತನದ ಬ್ರಿನೆಲ್ ಅಳತೆಯಲ್ಲಿ 11-12 ಇರುತ್ತದೆ, ಗ್ಯಾಸ್ ಚೆಕ್ ಇದ್ದರೆ ಈ ವೇಗಕ್ಕೆ ಧಾರಾಳ. ಲೈನೋಟೈಪ್ 22ರ ಆಸುಪಾಸು. ಸಣ್ಣ ಗುಂಡನ್ನು ಗಟ್ಟಿ ಮಾಡಿದರೆ ಅದು ಗಟ್ಟಿಯಾದ ಸಣ್ಣ ಗುಂಡು, ಅಲ್ವಾ? ಮತ್ತೆ ವೀಲ್ ವೆಯ್ಟ್‌ಗಳಲ್ಲಿ ಈಗ ಸತುವಿನವೂ ಸೇರಿರುತ್ತವೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 420ಕ್ಕೆ. ಉರಿ ಕಡಿಮೆ ಇಟ್ಟರೆ ಅವು ಕರಗದೆ ತೇಲುತ್ತವೆ, ತೆಗೆದು ಬಿಸಾಕಿ.

ಹೊಸಕೈ:
ಮೂರು ವಾರ ಆಯ್ತು. ಅಳೆದೆ. ನಳಿಗೆ 0.3085, ನನ್ನ ಗುಂಡು 0.308. ಸೈಜಿಂಗ್ ಡೈ (ಗುಂಡನ್ನು ಸರಿ ಅಳತೆಗೆ ತರುವ ಅಚ್ಚು) ಕೊಳ್ಳುವಾಗ ನಾನೇ ಕವಚದ ಗುಂಡಿನ ಅಳತೆ ನೋಡಿ ತಂದಿದ್ದೆ. ಹಿಂದಿನ ಸೈಟಿನ ಕೆಳಗೆ ಸರಳು ತಡೆದದ್ದೂ ನಿಜ.

0.310ರ ಡೈ ತಂದೆ. ಕೇಸಿನ ಬಾಯಿ ಸ್ವಲ್ಪ ಅರಳಿಸಲು ಕಲಿತೆ. ಮುಂಚೆ ಗುಂಡು ಕೂರಿಸುವಾಗ ಪಕ್ಕದಲ್ಲಿ ಸೀಸದ ಎಳೆ ಸುರುಳಿ ಸುತ್ತಿ ಬರುತ್ತಿತ್ತು, ಅದನ್ನು ಸುಮ್ನೆ ಒರೆಸಿ ಹಾಕುತ್ತಿದ್ದೆ! ಪುಸ್ತಕದ ಎರಕದ ಪಟ್ಟಿಯಲ್ಲಿ 4227ರ ಶುರುವಿನ ಅಳತೆ ಹಾಕಿ, ಟಾರ್ಚ್ ಬಿಟ್ಟು ನೋಡಿ, 20 ಹೊಡೆದೆ. ಪ್ಯಾಚಿನಲ್ಲಿ ಬರೀ ಮಸಿ. ಮೂತಿಯ ಸುತ್ತ ಗ್ರೀಸಿನದೊಂದು ಬೂದು ನಕ್ಷತ್ರ ಮೂಡಿದೆ.

50 ಗಜದಲ್ಲಿ ಐದರಲ್ಲಿ ನಾಲ್ಕು ಒಂದೂವರೆ ಇಂಚಿನ ಒಳಗೆ. ಐದನೆಯದು ಪ್ರತಿ ಸಲ ಎಲ್ಲೋ ಹೋಗುತ್ತದೆ. ಮದ್ದು ಅರ್ಧ ಗ್ರೇನ್ ಏರಿಸಲಾ?

ಸೀಸದ ಮೇಷ್ಟ್ರು:
ಏರಿಸುವ ಮುಂಚೆ ಗುಂಡುಗಳ ಬುಡ ನೋಡಿ. ಗ್ಯಾಸ್ ಚೆಕ್ ನೆಟ್ಟಗೆ ಕೂತಿದೆಯಾ?

ಹೊಸಕೈ:
ಉಳಿದ 30 ಗುಂಡುಗಳನ್ನು ಗಾಜಿನ ಮೇಲೆ ನಿಲ್ಲಿಸಿದೆ. ಏಳು ವಾಲಿಕೊಂಡು ನಿಂತವು. ಅಷ್ಟನ್ನೂ ಮತ್ತೆ ಪಾತ್ರೆಗೆ ಹಾಕಿದ್ದೇನೆ. ತಾಮ್ರದ ಟೊಪ್ಪಿಗಳು ಈಗಷ್ಟೇ ಮೇಲೆ ತೇಲಿದವು, ಸೌಟಿನಲ್ಲಿ ತೆಗೆಯುತ್ತಿದ್ದೇನೆ.