ಪಂಚಾಯಿತಿ ತರಬೇತಿಗೆ ವಿದೇಶಿ ಅನುದಾನ: ನಿಭಾಯಿಸಿದವರು ಅನುಭವ ಹೇಳಿ

ಆಲೂರಿನವಳು:
ನಮ್ಮದು ಹಾಸನ ಜಿಲ್ಲೆಯ ಚಿಕ್ಕ ಟ್ರಸ್ಟ್. ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯರಿಗೆ, ಗ್ರಾಮಸಭೆಗೆ ಬರುವ ಸಂಘದ ಹೆಂಗಸರಿಗೆ ತರಬೇತಿ ಕೊಡ್ತೀವಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇದೆ, ಇಲ್ಲಿತನಕ ಬಂದಿದ್ದೆಲ್ಲ ಸಣ್ಣ ದೇಣಿಗೆ. ಈಗ ಪ್ರಜಾಪ್ರಭುತ್ವದ ಕೆಲಸಕ್ಕೆ ಹಣ ಕೊಡುವ ಹೊರದೇಶದ ಪ್ರತಿಷ್ಠಾನವೊಂದು ಎರಡು ವರ್ಷಕ್ಕೆ 62 ಲಕ್ಷ ಕೊಡೋಕೆ ಒಪ್ಪಿದೆ. ಅದರಲ್ಲಿ 9 ಲಕ್ಷ ಅರಸೀಕೆರೆಯ ಇನ್ನೊಂದು ಸಂಸ್ಥೆಗೆ ಕೊಡಬೇಕು ಅಂತ ಕರಡಿನಲ್ಲಿದೆ. ಸಹಿ ಹಾಕೋ ಮುಂಚೆ ಏನೇನು ನೋಡ್ಕೋಬೇಕು?

ಕಡೂರು ಲೆಕ್ಕ:
ಮೇಡಂ, ಮೊದಲು ಬಜೆಟ್ ಹಾಳೆ ತೆಗೀರಿ. ಎಫ್‌ಸಿಆರ್‌ಎಗೆ 2020ರಲ್ಲಿ ಆದ ತಿದ್ದುಪಡಿಯಲ್ಲಿ, ವರ್ಷಕ್ಕೆ ಬಂದ ವಿದೇಶಿ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದ್ದು ಎಲ್ಲರಿಗೂ ಗೊತ್ತು. ಏಟು ಬೀಳೋದು ಬೇರೆ ಕಡೆ. ದಾನಿಗಳು ‘ಪರೋಕ್ಷ ವೆಚ್ಚ’ (ಯೋಜನೆಗೆ ನೇರವಾಗಿ ಸೇರದ ಖರ್ಚು) ಅನ್ನೋದೂ ನಮ್ಮ ನಿಯಮದ ‘ಆಡಳಿತ ವೆಚ್ಚ’ವೂ ಒಂದಲ್ಲ. ನಮ್ಮಲ್ಲಿ ದಾನಿಯ ಬಜೆಟ್ ಪ್ರಕಾರ ಪರೋಕ್ಷ ಶೇ 12 ಇತ್ತು, ಎಲ್ಲರೂ ನಿಶ್ಚಿಂತೆಯಿಂದ ಇದ್ದರು. ಆ ವರ್ಷ ಬಂದಿದ್ದು 24 ಲಕ್ಷ, ಅಂದ್ರೆ ಮಿತಿ 4.80 ಲಕ್ಷ. ನಿಯಮದ ಪ್ರಕಾರ ವಿಂಗಡಿಸಿದಾಗ: ನಿರ್ವಾಹಕರ ಸಂಬಳ 3 ಲಕ್ಷ, ಲೆಕ್ಕಿಗರದ್ದು 1.92 ಲಕ್ಷ, ಬಾಡಿಗೆ 84 ಸಾವಿರ, ಜೀಪಿನ ಖರ್ಚು 51 ಸಾವಿರ, ಫೋನು-ಸ್ಟೇಷನರಿ-ವರದಿ ಬರೆಸಿದ್ದು 33 ಸಾವಿರ. ಒಟ್ಟು 6.60 ಲಕ್ಷ, ಶೇ 27.5. ಹೆಚ್ಚಾದ 1.80 ಲಕ್ಷವನ್ನು ಸ್ಥಳೀಯ ದೇಣಿಗೆಯಿಂದ ತುಂಬಬೇಕಾಯ್ತು. ಗಾಡಿ ಓಡಿಸಿದ ಖರ್ಚು, ವರದಿ ಬರೆದು ಸಲ್ಲಿಸೋ ಖರ್ಚೂ ಆಡಳಿತವೇ ಅನ್ನೋದನ್ನ ಯಾರೂ ಓದಿರಲಿಲ್ಲ. ನಿಮ್ಮ 62 ಲಕ್ಷದ ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಆಡಳಿತಕ್ಕೆ ‘ಆ’ ಅಥವಾ ಕಾರ್ಯಕ್ರಮಕ್ಕೆ ‘ಕಾ’ ಅಂತ ಬರೀರಿ, ಆಮೇಲೆ ಸಹಿ.

ಮೂಡಿಗೆರೆ ಮಳೆ:
ಲೆಕ್ಕದವರು ಶೇಕಡಾವಾರು ಬಿಟ್ಟು ಕೆಳಗೆ ಇಳಿಯೋದೇ ಇಲ್ಲ. ಕಂತು ನಿಂತುಹೋಗೋದು ಕ್ಯಾಲೆಂಡರಿನಿಂದ. ಹಿಂದಿನ ಕಂತಿನ ಶೇ 80 ಖರ್ಚಾದ ಮೇಲೇ ಮುಂದಿನದು ಅನ್ನೋ ಷರತ್ತು ನಮ್ಮ ಒಪ್ಪಂದದಲ್ಲಿತ್ತು. ಜೂನ್‌ನಿಂದ ಆಗಸ್ಟ್ ಮಳೆ, ಕರೆಂಟಿಲ್ಲ, ಸಮುದಾಯ ಭವನಕ್ಕೆ ಯಾರೂ ಬರಲ್ಲ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ದಿನಗೂಲಿ ಬಿಟ್ಟು ಯಾವ ಹೆಂಗಸು ತರಬೇತಿಗೆ ಬರ್ತಾಳೆ? ಅರೇಬಿಕಾ ಮುಗಿಯೋ ಹೊತ್ತಿಗೆ ರೋಬಸ್ಟಾ ಶುರು, ಮಾರ್ಚ್ ತನಕ. ಎರಡು ತ್ರೈಮಾಸಿಕ ಖರ್ಚು ಶೇ 46ಕ್ಕೇ ನಿಂತಿತು. ಮೂರನೇ ಕಂತು ನಾಲ್ಕೂವರೆ ತಿಂಗಳು ತಡ, ತರಬೇತುದಾರರಿಗೆ ಸಂಬಳ ಇಲ್ಲ. ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ನವೆಂಬರ್‌ಗೆ ತರಬೇತಿ ತುಂಬಿ, ಉಳಿದ ತಿಂಗಳಿಗೆ ಕೈಪಿಡಿ, ಮನೆಭೇಟಿ ಇಡಿ. ಸಂಬಳ ಯಾವತ್ತೂ ಹಾಲಿ ಕಂತಿನೊಳಗೇ ಮುಗಿಯೋ ಹಾಗಿರಲಿ.

ಇನ್ನೊಂದು. ಕಡೂರಿನವರೇ, ತರಬೇತಿ ನೋಡ್ಕೊಳ್ಳೋ ಸಂಯೋಜಕಿಯ ಸಂಬಳವನ್ನೂ ಆಡಳಿತಕ್ಕೆ ತಳ್ಳೋರು ನೀವು ಅಂತ ಕಾಣುತ್ತೆ. ತರಬೇತಿ ಸಿಬ್ಬಂದಿಯ ಸಂಬಳ ಆಡಳಿತ ವೆಚ್ಚ ಅಲ್ಲ ಅಂತ ಎಫ್‌ಸಿಆರ್‌ಎ ನಿಯಮಗಳ ಐದನೇ ನಿಯಮದಲ್ಲಿ ವಿನಾಯಿತಿ ಇದೆ, ಪೂರ್ತಿ ಓದಿ.

ಕಡೂರು ಲೆಕ್ಕ:
ಪೂರ್ತಿ ಓದೇ ಹೇಳ್ತಿರೋದು. ಆ ವಿನಾಯಿತಿ ಇರೋದು ಮುಖ್ಯವಾಗಿ ಸಂಶೋಧನೆ ಅಥವಾ ತರಬೇತಿಯಲ್ಲಿ ತೊಡಗಿದ ಸಂಸ್ಥೆಗೆ. ಜೊತೆಗೆ ಸಂಯೋಜಕಿ ಮೇಲ್ವಿಚಾರಣೆಗೆ ನೇಮಕವಾದವರು, ಅದು ನಿರ್ವಹಣೆ. ಅವರು ತಿಂಗಳಿಗೆ 12 ದಿನ ತರಗತಿ ತಗೊಂಡರೆ ಆ 12 ದಿನಕ್ಕೆ ಸಮಯದ ಹಾಳೆ ಬರೆಸಿ, ದಿನ, ಊರು, ವಿಷಯ, ಸಹಿ ಸಮೇತ. ಹಾಳೆ ಇಲ್ಲದೆ ‘ಅವರೂ ಪಾಠ ಮಾಡ್ತಾರೆ’ ಅಂದರೆ ಯಾವ ಆಡಿಟರೂ ಒಪ್ಪಲ್ಲ.

ಹೇಮಾವತಿ ದಂಡೆ:
ನೀವಿಬ್ಬರೂ 9 ಲಕ್ಷದ ಬಗ್ಗೆ ಮಾತೇ ಆಡ್ತಿಲ್ಲ! ಅಕ್ಕ, ಅದನ್ನ ಕರಡಿನಿಂದ ತೆಗೆಸಿ. 2020ರಿಂದ ವಿದೇಶಿ ಹಣವನ್ನ ಇನ್ನೊಂದು ಸಂಸ್ಥೆಗೆ ವರ್ಗಾಯಿಸೋ ಹಾಗೇ ಇಲ್ಲ, ಅವರ ಹತ್ರ ಎಫ್‌ಸಿಆರ್‌ಎ ಇದ್ದರೂ ಸರಿ. ಅರಸೀಕೆರೆಯವರ ಜೊತೆ ದಾನಿಯೇ ನೇರ ಒಪ್ಪಂದ ಮಾಡ್ಕೊಳ್ಳಲಿ. ಅವರಿಗೆ ನೋಂದಣಿ ಇಲ್ಲದಿದ್ದರೆ ಎಫ್‌ಸಿ-3ಬಿ ಅರ್ಜಿ ಹಾಕಿ ಕೇಂದ್ರ ಗೃಹ ಸಚಿವಾಲಯದಿಂದ ಪೂರ್ವಾನುಮತಿ ತಗೊಳ್ಳಲಿ. ಅದು ಆ ದಾನಿಗೆ, ಆ ಕೆಲಸಕ್ಕೆ ಮಾತ್ರ ಸಿಗೋದು.

ಮೂಡಿಗೆರೆ ಮಳೆ:
ಸೇವೆ ಅಂತ ಬಿಲ್ ಹಾಕಿಸಿಕೊಂಡು ಕೊಡೋರಿದ್ದಾರೆ.

ಹೇಮಾವತಿ ದಂಡೆ:
ಹಾಗೆ ಹೇಳಿಕೊಟ್ಟು ಸಂಸ್ಥೆಗಳನ್ನ ಹಳ್ಳಕ್ಕೆ ತಳ್ಳಬೇಡಿ. ಹಾಲ್ ಬಾಡಿಗೆ, ಮುದ್ರಣ, ಊಟದ ಬಿಲ್ ಬೇರೆ. ಫಲಾನುಭವಿಗಳ ಪಟ್ಟಿ, ಸಿಬ್ಬಂದಿ, ಗುರಿ ಎಲ್ಲ ಅವರದ್ದೇ ಆಗಿ ಹಣ ಮಾತ್ರ ನಿಮ್ಮ ಮೂಲಕ ಹೋದರೆ ಅದಕ್ಕೆ ಬಿಲ್ ಅಂತ ಹೆಸರಿಟ್ಟರೂ ವರ್ಗಾವಣೆಯೇ.

ತರಬೇತಿಗೆ ಬರೋ ಪಂಚಾಯಿತಿ ಸದಸ್ಯೆಯರ ಕೈಗೆ ಭತ್ಯೆ ಕೊಡ್ತಿದ್ದರೆ ಅದನ್ನೂ ನಿಲ್ಲಿಸಿ. ವಿದೇಶಿ ಹಣ ಪಡೆಯಬಾರದವರ ಪಟ್ಟಿಗೆ ಅದೇ ತಿದ್ದುಪಡಿ ಸಾರ್ವಜನಿಕ ಸೇವಕರನ್ನೂ ಸೇರಿಸಿದೆ. ಪಂಚಾಯಿತಿ ಸದಸ್ಯೆ ಅದರಲ್ಲಿ ಬರ್ತಾರೋ ಇಲ್ಲವೋ ಅಂತ ವಾದ ಮಾಡೋ ಸ್ಥಿತಿಗೆ ಹೋಗಲೇಬೇಡಿ. ಊಟ ಅಡುಗೆಯವರ ಬಿಲ್ಲಿನಲ್ಲಿ, ಓಡಾಟ ಬಾಡಿಗೆ ಗಾಡಿಯ ಬಿಲ್ಲಿನಲ್ಲಿ ಬರಲಿ. ಬಸ್ ಚಾರ್ಜು ಕೊಡಲೇಬೇಕಾದರೆ ಸ್ಥಳೀಯ ದೇಣಿಗೆಯ ಖಾತೆಯಿಂದ ಕೊಡಿ. ಹೋಟೆಲಿನ ಥರ್ಮಲ್ ಪೇಪರ್ ಬಿಲ್ ಬಂದ ದಿನವೇ ಜೆರಾಕ್ಸ್ ಮಾಡಿ ಮೂಲದ ಹಿಂದೆ ಪಿನ್ ಹಾಕಿ. ಹತ್ತು ತಿಂಗಳಿಗೆ ಅಕ್ಷರ ಮಾಸಿ ಬಿಳಿ ಚೀಟಿ ಉಳಿಯುತ್ತೆ. ನಮ್ಮಲ್ಲಿ ಅಂಥ 31 ಚೀಟಿಗಳ 18,640 ರೂಪಾಯಿ ದಾನಿ ಒಪ್ಪಲಿಲ್ಲ.

ಕೊಪ್ಪದಿಂದ:
ನಾನು ಕೊಡುವವರ ಕಡೆ ಕೆಲಸ ಮಾಡೋನು. ನೇಪಾಳ, ಶ್ರೀಲಂಕಾದ ನಾಗರಿಕ ಸಂಘಟನೆಗಳಿಗೆ ಹೋಗುವ ಅನುದಾನಗಳ ಕಡತ ನೋಡ್ತೀನಿ. ಇಲ್ಲಿ ಯಾರೂ ಕೇಳದ ಪ್ರಶ್ನೆ: ಹಣ ಮುಂಗಡವೋ, ಖರ್ಚು ಮಾಡಿದ ಮೇಲೆ ಮರುಪಾವತಿಯೋ? ಪ್ರತಿಷ್ಠಾನದ ಹಿಂದೆ ಯಾವುದಾದರೂ ಸರ್ಕಾರದ ಹಣ ಇದೆಯೋ? 2025ರ ಜನವರಿ 20ರಂದು ಅಮೆರಿಕ ವಿದೇಶಿ ನೆರವನ್ನ 90 ದಿನ ತಡೆಹಿಡಿದಾಗ, ಮರುಪಾವತಿ ಪದ್ಧತಿಯವರು ನವೆಂಬರ್, ಡಿಸೆಂಬರಿನ ಸಂಬಳ ಕೊಟ್ಟಾಗಿತ್ತು, ಬಿಲ್ ಮಾತ್ರ ಬಾಕಿ. ಮುಂಗಡ ಪಡೆದವರು ಉಸಿರಾಡಿದರು. ಒಪ್ಪಂದ ರದ್ದಾದರೆ ಆ ದಿನದ ತನಕ ಒಪ್ಪಿಕೊಂಡ ಬಾಧ್ಯತೆಗಳನ್ನ, ಸಿಬ್ಬಂದಿಯ ಒಂದು ತಿಂಗಳ ನೋಟಿಸ್ ಸಂಬಳ ಸೇರಿ, ದಾನಿ ಭರಿಸಬೇಕು ಅಂತ ಒಂದು ಸಾಲು ಬರೆಸಿ. ಕೇಳಿದರೆ ಸಾಮಾನ್ಯವಾಗಿ ಸೇರಿಸ್ತಾರೆ.

ಒಪ್ಪಂದ ಡಾಲರಿನಲ್ಲೋ ರೂಪಾಯಿಯಲ್ಲೋ ನೋಡಿ. ಉದಾಹರಣೆಗೆ, ಡಾಲರಿಗೆ 83 ರೂಪಾಯಿ ದರದಲ್ಲಿ 62 ಲಕ್ಷ ಅಂದರೆ ಸುಮಾರು 74,700 ಡಾಲರ್. ಡಾಲರ್ 86 ಆದರೆ 2.24 ಲಕ್ಷ ಹೆಚ್ಚು ಬರುತ್ತೆ, ಅದನ್ನ ಕೇಳದೆ ಖರ್ಚು ಮಾಡಬೇಡಿ, ತಿದ್ದಿದ ಬಜೆಟ್‌ಗೆ ಒಪ್ಪಿಗೆ ತಗೊಳ್ಳಿ. ಖಾತೆಯ ಹೆಸರು ನೋಂದಣಿ ಪತ್ರದಲ್ಲಿರೋ ಹಾಗೇ, ಒಂದಕ್ಷರ ತಪ್ಪದೆ ಕಳಿಸಿ. ‘ಟ್ರಸ್ಟ್ (ರಿ)’ಯಲ್ಲಿ ‘ರಿ’ ಬಿಟ್ಟಿದ್ದಕ್ಕೆ ಒಂದು ಕಂತು ವಾಪಸ್ ಹೋಗಿ 23 ದಿನ ತಡವಾಗಿದ್ದು ನೋಡಿದ್ದೀನಿ.

ಕಡೂರು ಲೆಕ್ಕ:
ಹಣ ಬೀಳಬೇಕಾದ್ದು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಹಾಸನದ ಖಾತೆ ಬಳಕೆಗೆ ಮಾತ್ರ, ಅದನ್ನ ತೆರೆದು 45 ದಿನದೊಳಗೆ ಎಫ್‌ಸಿ-6ಡಿ ನಮೂನೆಯಲ್ಲಿ ತಿಳಿಸಬೇಕು. ಬಂದ ಬಡ್ಡಿಯೂ ವಿದೇಶಿ ಹಣವೇ. ವಾರ್ಷಿಕ ಲೆಕ್ಕದ ಎಫ್‌ಸಿ-4 ಡಿಸೆಂಬರ್ 31ರೊಳಗೆ, ಆ ವರ್ಷ ಏನೂ ಬರದಿದ್ದರೂ.

ಆಲೂರಿನವಳು:
9 ಲಕ್ಷ ತೆಗೆಯೋಕೆ ಬರೆದಿದ್ದೀನಿ. ಆ ತರಬೇತಿ ವಿನಾಯಿತಿ ನಮಗೆ ಸಿಗುತ್ತಾ ಅಂತ ಟ್ರಸ್ಟ್ ಡೀಡ್‌ನ ಉದ್ದೇಶಗಳ ಪಟ್ಟಿ ತೆಗೆದು ನೋಡಿದೆ. ಆರೋಗ್ಯ, ಶಾಲೆ, ಸ್ವಸಹಾಯ ಸಂಘ, ಪರಿಸರ ಆದಮೇಲೆ ಐದನೆಯದಾಗಿ ‘ತರಬೇತಿ’ ಇದೆ.

ಮೂಡಿಗೆರೆ ಮಳೆ:
ಐದನೆಯದಾದರೂ ಇದೆಯಲ್ಲ, ಸಾಕು.

ಕಡೂರು ಲೆಕ್ಕ:
ಸಾಕಾಗಲ್ಲ. ‘ಮುಖ್ಯವಾಗಿ’ ಅಂತಿದೆ ನಿಯಮದಲ್ಲಿ. ಮೂರು ವರ್ಷದ ಆಡಿಟ್ ವರದಿ ತೆಗೆದು ತರಬೇತಿಗೆ ಎಷ್ಟು ಹೋಗಿದೆ ಕೂಡಿಸಿ. ಡೀಡ್‌ನ ಉದ್ದೇಶ ತಿದ್ದುವುದಾದರೆ 45 ದಿನದೊಳಗೆ ಎಫ್‌ಸಿ-6ಬಿ ನಮೂನೆಯಲ್ಲಿ ತಿಳಿಸಬೇಕು. ತಿದ್ದದಿದ್ದರೆ ಸಂಯೋಜಕಿಯ ಪೂರ್ತಿ ಸಂಬಳವನ್ನ ಆಡಳಿತಕ್ಕೆ ಹಾಕಿ, ಉಳಿದ 53 ಲಕ್ಷಕ್ಕೆ ಹೊಸದಾಗಿ ಲೆಕ್ಕ ಹೊಡೀರಿ. ಆಡಳಿತ ವೆಚ್ಚದ ಮಿತಿ ಈಗ 12.40 ಅಲ್ಲ, 10.60 ಲಕ್ಷ.