ಹೆರಿಗೆ ನೋವಿಗೆ ಎಪಿಡ್ಯೂರಲ್: ತಂಗಿಗೆ ಕೊಡಿಸಬಹುದೇ?

ಪ್ರಶ್ನೆ (ಚಿಂತಾಮಣಿ):
ತಂಗಿಗೆ ಒಂಬತ್ತು ತಿಂಗಳು, ಚೊಚ್ಚಲ ಹೆರಿಗೆ. ಬೇಕಿದ್ದರೆ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ಕೊಡುತ್ತೇವೆ ಎಂದು ಚಿಕ್ಕಬಳ್ಳಾಪುರದ ವೈದ್ಯೆ ಹೇಳಿದ್ದಾರೆ. ಬೆನ್ನಿಗೆ ಸೂಜಿ ಚುಚ್ಚಿಸಿದರೆ ಜನ್ಮವಿಡೀ ಸೊಂಟನೋವು ಎಂದು ಅಮ್ಮ ಪಟ್ಟು ಹಿಡಿದಿದ್ದಾರೆ. ತಂಗಿ ನನ್ನ ಮುಖ ನೋಡುತ್ತಿದ್ದಾಳೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಕೋಲಾರ, ಹೆರಿಗೆ ವಾರ್ಡಿನ ದಾದಿ):
ಅಕ್ಕಾ, ಬಸಿರಿನಿಂದಲೇ ಎಷ್ಟೋ ಜನರಿಗೆ ಸೊಂಟ ನೋಯುತ್ತದೆ. ಎಪಿಡ್ಯೂರಲ್‌ನಿಂದ ಅದು ವರ್ಷಗಟ್ಟಲೆ ಉಳಿಯುತ್ತದೆ ಎನ್ನಲು ಆಧಾರವಿಲ್ಲ. ಸೂಜಿಯನ್ನು ಹೊರತೆಗೆದು, ದಾರದಂಥ ನಳಿಕೆಯನ್ನಷ್ಟೇ ಬಿಟ್ಟು, ಅದರಲ್ಲಿ ಬುಪಿವಕೇನ್‌ನಂಥ ಮರಗಟ್ಟಿಸುವ ಮದ್ದು ಹನಿಸುತ್ತಾರೆ. ಸುಮಾರು 20 ನಿಮಿಷದಲ್ಲಿ ನೋವು ಇಳಿಯುತ್ತದೆ. ಚುಚ್ಚುವಾಗ ಗದ್ದವನ್ನು ಎದೆಗೊತ್ತಿ, ಬೆನ್ನು ಬಾಗಿಸಿ, ಅಲುಗಾಡದೆ ಕೂರಬೇಕು. ನೋವಿನ ನಡುವೆ ಅದೇ ಕಷ್ಟ. ಯಾರಾದರೂ ಭುಜ ಹಿಡಿದುಕೊಳ್ಳಲಿ. ರಕ್ತದೊತ್ತಡ ಇಳಿಯಬಹುದು, ಹಾಗಾಗಿ ಮತ್ತೆ ಮತ್ತೆ ನೋಡುತ್ತಿರುತ್ತೇವೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಈಗಲೇ ತಿಳಿಸಿ.

ಉತ್ತರ (ತಿಪಟೂರು):
ನನಗೆ ಕೊಟ್ಟಿದ್ದರು. ಹೊಟ್ಟೆ ಬಿಗಿಯುವುದು ತಿಳಿಯುತ್ತಿತ್ತು, ಕಿತ್ತು ತಿನ್ನುವ ನೋವಿರಲಿಲ್ಲ. ಕಾಲು ಭಾರವಾಗಿತ್ತು, ಮುಕ್ಕಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಆದರೂ ಸಿಸೇರಿಯನ್ ಆಗಲಿಲ್ಲ. ನೋವು ನಡುರಾತ್ರಿ ಶುರುವಾದರೆ ಅರಿವಳಿಕೆ ತಜ್ಞರು ಸಿಗುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಅಮ್ಮನ ಆತಂಕ ಅರ್ಥವಾಗುತ್ತದೆ, ಆದರೆ ನಿರ್ಧಾರ ತಂಗಿಯದೇ ಆಗಲಿ.