ದೊಡ್ಡಪ್ಪನ ಬೆರಳು, ಪ್ರಮೋದನ ಪಟ್ಟಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಆಲೆಮನೆ ಬಳಗ'. ಇಪ್ಪತ್ತಮೂರು ಜನ ಇದ್ದೇವೆ, ಮಾತಾಡುವವರು ಐದಾರು ಜನ. ಉಳಿದವರು ಹುಟ್ಟುಹಬ್ಬಕ್ಕೆ ಮಾತ್ರ ಬರುತ್ತಾರೆ. ಕಳೆದ ಭಾನುವಾರ ರಾತ್ರಿ ನಡೆದ ಜಗಳ ಇದು. ನಡುವೆ ಬಂದ ಹೂವಿನ ಚಿತ್ರಗಳನ್ನು ತೆಗೆದು ಉಳಿದದ್ದನ್ನು ಹಾಗೇ ಇಟ್ಟಿದ್ದೇನೆ. ಸಹನಾ ಅಂದರೆ ನಾನೇ. ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ಟ್ರಾನ್ಸಿಸ್ಟರ್, ಅಂದರೆ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಸ್ವಿಚ್ಚು, ಮಾಡುವುದು ನನ್ನ ಕೆಲಸ. ಹಾಗಾಗಿ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಪ್ರಮೋದ (ಮೈಸೂರು), 7:42: *ಫಾರ್ವರ್ಡ್* ಇನ್ನು ಸೂಜಿ ಬೇಡ! ರಕ್ತ ಬೇಡ! ಚರ್ಮಕ್ಕಿಂತ ತೆಳುವಾದ ಟ್ರಾನ್ಸಿಸ್ಟರ್ ಪಟ್ಟಿ. ಕೈಗೆ ಕಟ್ಟಿಕೊಳ್ಳಿ, ಬೆವರಿನಿಂದಲೇ ಶುಗರ್, ಬಿ.ಪಿ., ಕೊಲೆಸ್ಟ್ರಾಲ್ ತಿಳಿಯಿರಿ. ಇವತ್ತು ಮಾತ್ರ 2,499 ರೂಪಾಯಿ.

ಪ್ರಮೋದ, 7:43: ಅಪ್ಪನಿಗೆ ಆರ್ಡರ್ ಮಾಡಿದ್ದೇನೆ. ನಾಡಿದ್ದು ಬರುತ್ತೆ.

ದೊಡ್ಡಪ್ಪ (ಪಾಂಡವಪುರ), 7:50: ಒಳ್ಳೇದಾಯ್ತು ಕಣಪ್ಪ. ಈ ಮೀಟರ್ ಸಹವಾಸ ಸಾಕಾಗಿದೆ. ಬೆಳಿಗ್ಗೆ ಬಲಗೈ ಬೆರಳಲ್ಲಿ 312 ಅಂತು. ಐದು ನಿಮಿಷ ಬಿಟ್ಟು ಎಡಗೈ ಬೆರಳಲ್ಲಿ 174. ಮನುಷ್ಯ ಒಬ್ಬನೇ ಅಲ್ವಾ? ಬೆರಳೂ ಕೊರಡಾಗಿದೆ. ಮೂರು ಸಲ ಚುಚ್ಚಿದ್ರೆ ಒಂದು ಸಲ ರಕ್ತ ಬರುತ್ತೆ.

ಸಹನಾ, 7:58: ದೊಡ್ಡಪ್ಪ, ದಯವಿಟ್ಟು ಅದನ್ನು ತರಿಸಬೇಡಿ. ಚರ್ಮ ಚುಚ್ಚದೆ ಶುಗರ್ ಹೇಳುತ್ತೇವೆ ಅನ್ನುವ ಸ್ಮಾರ್ಟ್ ವಾಚು, ಸ್ಮಾರ್ಟ್ ಉಂಗುರ ಯಾವುದಕ್ಕೂ ನಾವು ಅನುಮತಿ ಕೊಟ್ಟಿಲ್ಲ, ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2024ರ ಫೆಬ್ರವರಿಯಲ್ಲೇ ಹೇಳಿದೆ.

ಪ್ರಮೋದ, 8:01: ನೀನು ಮಾಡೋದೇ ಇದನ್ನ ಅಲ್ವಾ? ಹೋದ ಯುಗಾದಿಗೆ ಬಂದಾಗ ಬಗ್ಗೋ ಟ್ರಾನ್ಸಿಸ್ಟರ್ ಅಂತ ಒಂದು ಗಂಟೆ ಕೊರೆದಿದ್ದೆ. ಈಗ ಅಂಗಡಿಗೆ ಬಂದ್ರೆ ಮೋಸ ಅಂತೀಯಾ?

ಸಹನಾ, 8:02: ಟ್ರಾನ್ಸಿಸ್ಟರ್ ಮೋಸ ಅಲ್ಲ. ಜಾಹೀರಾತು ಮೋಸ.

ಚಿಕ್ಕಪ್ಪ (ಮೈಸೂರು), 8:06: ಟ್ರಾನ್ಸಿಸ್ಟರ್ ಬಗ್ಗುತ್ತೆ ಅನ್ನೋದೇ ನಂಗೆ ಅನುಮಾನ. ಮೂವತ್ತು ವರ್ಷ ಟಿ.ವಿ. ರಿಪೇರಿ ಮಾಡಿದೋನು ನಾನು. ಪ್ಯಾನೆಲ್ ಒಂಚೂರು ಒತ್ತಿದ್ರೆ ಗೆರೆ ಬೀಳುತ್ತೆ. ಬಗ್ಗಿಸಿದ್ರೆ ಕಸದ ಬುಟ್ಟಿಗೇ ಸೈ.

ಇಲ್ಲಿ ನನಗೆ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ಚಿಕ್ಕಪ್ಪ ಅಷ್ಟು ವರ್ಷ ಮುಟ್ಟಿ ನೋಡಿದ ವಸ್ತುವೇ ನನ್ನ ವಿಷಯ.

ಸಹನಾ, 8:14: ಚಿಕ್ಕಪ್ಪ, ನೀವು ನೋಡಿದ ಪ್ಯಾನೆಲ್ ಒಳಗೆ ಇದ್ದದ್ದು ಇದೇ ತೆಳುಪದರದ ಟ್ರಾನ್ಸಿಸ್ಟರ್. ಫುಲ್ ಎಚ್.ಡಿ. ಟಿ.ವಿ.ಯಲ್ಲಿ ಸುಮಾರು 62 ಲಕ್ಷ ಇರುತ್ತವೆ, ಒಂದೊಂದು ಬಣ್ಣದ ಚುಕ್ಕಿಗೆ ಒಂದೊಂದು. ಒಡೆಯುತ್ತಿದ್ದದ್ದು ಗಾಜು. ಕಬ್ಬಿನ ಜಲ್ಲೆ ಬಗ್ಗಿಸಿದರೆ ಪಟ್ ಅನ್ನುತ್ತೆ, ಅದರ ಸಿಪ್ಪೆಯನ್ನು ಬೆರಳಿಗೆ ಸುತ್ತಿಕೊಳ್ಳಬಹುದು ಅಲ್ವಾ? ಇದೂ ಅಷ್ಟೇ. ದಪ್ಪ ಅರ್ಧ ಆದರೆ ಬಗ್ಗಿಸಲು ಬೇಕಾದ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಗಾಜಿನ ಬದಲು ಪ್ಲಾಸ್ಟಿಕ್ ಹಾಕೋಣ ಅಂದರೆ ಹಳೇ ಸಿಲಿಕಾನ್ ಪದರ ಕೂರಿಸಲು 300 ಡಿಗ್ರಿ ಹತ್ತಿರ ಬಿಸಿ ಬೇಕಿತ್ತು, ಸಾಮಾನ್ಯ ಪ್ಲಾಸ್ಟಿಕ್ ತಡೆಯುತ್ತಿರಲಿಲ್ಲ. 2004ರಲ್ಲಿ ಜಪಾನಿನ ಹೊಸೊನೊ ಅನ್ನುವ ವಿಜ್ಞಾನಿಯ ತಂಡ ಇಂಡಿಯಂ, ಗ್ಯಾಲಿಯಂ, ಸತು ಸೇರಿದ ಆಕ್ಸೈಡನ್ನು ಕೋಣೆಯ ಬಿಸಿಯಲ್ಲೇ ಪ್ಲಾಸ್ಟಿಕ್ ಮೇಲೆ ಕೂರಿಸಿ ತೋರಿಸಿತು. 2013ರಲ್ಲಿ ಟೋಕಿಯೊದಲ್ಲಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ದಪ್ಪದ ಹಾಳೆ ಮೇಲೆ ಟ್ರಾನ್ಸಿಸ್ಟರ್ ಮಾಡಿದರು. ಕಾಗದದ ಹಾಗೆ ಮುದುರಿದರೂ ಕೆಲಸ ಮಾಡಿತು.

ಚಿಕ್ಕಪ್ಪ, 8:19: ಸಿಪ್ಪೆ ಲೆಕ್ಕ ಸರಿಯಾಗಿದೆ. ಒಪ್ಪಿದೆ.

ದೊಡ್ಡಪ್ಪ, 8:21: ಬಗ್ಗೋದು ಬಿಡಮ್ಮ. ಶುಗರ್ ಹೇಗೆ ಗೊತ್ತಾಗುತ್ತೆ ಅದಕ್ಕೆ?

ಸಹನಾ, 8:27: ನಾಲೆಯ ತೂಬು ನೆನೆಸಿಕೊಳ್ಳಿ. ಬಾಗಿಲು ಒಂದಿಂಚು ಎತ್ತಿದರೆ ಗದ್ದೆಗೆ ಎಷ್ಟು ನೀರು! ಟ್ರಾನ್ಸಿಸ್ಟರ್‌ನಲ್ಲಿ ಆ ಬಾಗಿಲಿಗೆ ಗೇಟ್ ಅಂತಲೇ ಹೆಸರು. ಗೇಟ್ ಹತ್ತಿರ ಒಂದು ಚೂರು ವಿದ್ಯುತ್ತಿನ ಚಾರ್ಜ್ ಬದಲಾದರೆ ಕೆಳಗೆ ಕರೆಂಟು ಜಾಸ್ತಿ ಕಡಿಮೆ ಆಗುತ್ತೆ. ಎದೆಯ ಮೇಲೆ ಸಿಗುವ ಇ.ಸಿ.ಜಿ. ಸಂಕೇತ ಒಂದು ವೋಲ್ಟಿನ ಸಾವಿರದಲ್ಲಿ ಒಂದು ಭಾಗ. ಚರ್ಮದ ಮೇಲೇ ಟ್ರಾನ್ಸಿಸ್ಟರ್ ಇದ್ದರೆ ಅದನ್ನು ಅಲ್ಲೇ ದೊಡ್ಡದು ಮಾಡಬಹುದು. ಹೃದಯದ ಬಡಿತ, ಸ್ನಾಯು, ಮೈ ಬಿಸಿ, ಇವಕ್ಕೆ ಈ ಹಾಳೆ ನಿಜವಾಗಲೂ ಚೆನ್ನ. ಸಕ್ಕರೆಯ ಕಥೆ ಬೇರೆ. ಅದಕ್ಕೆ ಚಾರ್ಜೇ ಇಲ್ಲ. ಎಷ್ಟು ಸಕ್ಕರೆ ಬಂದು ನಿಂತರೂ ಬಾಗಿಲು ಅಲ್ಲಾಡಲ್ಲ.

ದೊಡ್ಡಪ್ಪ, 8:29: ಹಾಗಾದ್ರೆ ನೀರಗಂಟಿ ಬೇಕು.

ಸಹನಾ, 8:33: ಬೇಕೇ ಬೇಕು! ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವವೇ ಆ ನೀರಗಂಟಿ. ಗ್ಲೂಕೋಸ್ ಸಿಕ್ಕಾಗೆಲ್ಲ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತೆ, ಹಲವು ಯಂತ್ರ ಅಳೆಯೋದು ಅದನ್ನ. ಆದರೆ ಈ ಕಿಣ್ವ ಬಿಸಿಲಿಗೆ ಸೊರಗುತ್ತೆ, ದಿನ ಕಳೆದ ಹಾಗೆ ದಣಿಯುತ್ತೆ. ಅದೂ ಅಲ್ಲದೆ ಬೆವರಿನಲ್ಲಿ ಇರುವ ಗ್ಲೂಕೋಸ್ ರಕ್ತದಲ್ಲಿರುವುದರ ನೂರನೇ ಒಂದು ಭಾಗದಷ್ಟು. ಜೊತೆಗೆ ಚರ್ಮದ ಮೇಲೆ ಏನು ಅಂಟಿದೆಯೋ ಅದೂ ಬೆವರಿಗೆ ಸೇರಿಕೊಳ್ಳುತ್ತೆ. ತಮಾಷೆ ನೋಡಿ, ಕ್ಲಾರ್ಕ್ ಅನ್ನುವವರು ಈ ಕಿಣ್ವದ ಉಪಾಯ ಹೇಳಿದ್ದೂ 1962, ವೀಮರ್ ಅನ್ನುವವರು ತೆಳುಪದರದ ಟ್ರಾನ್ಸಿಸ್ಟರ್ ಮಾಡಿದ್ದೂ 1962.

ದೊಡ್ಡಪ್ಪ, 8:35: ನಾನು ಹುಟ್ಟಿದ್ದೂ ಅದೇ ವರ್ಷ. ಇಷ್ಟು ವರ್ಷ ಆದ್ರೂ ಬೆರಳು ಚುಚ್ಚೋದು ತಪ್ಪಿಸೋಕೆ ಆಗಿಲ್ವಾ ನಿಮ್ಮ ಕೈಲಿ?

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ.

ಸುಧತ್ತೆ (ಕುವೆಂಪುನಗರ), 8:41: ನಾನು ತೋಳಿಗೆ ಅಂಟಿಸಿಕೊಂಡಿರೋದು ಮತ್ತೇನು? ಹದಿನಾಲ್ಕು ದಿನ ಇರುತ್ತೆ. ಫೋನ್ ಹಿಡಿದರೆ ಶುಗರ್ ತೋರಿಸುತ್ತೆ. ಅಣ್ಣನಿಗೂ ಅದನ್ನೇ ಕೊಡಿಸಿ.

ಪ್ರಮೋದ, 8:42: ನೋಡು! ಅತ್ತೆದೂ ಪಟ್ಟಿನೇ!

ಸಹನಾ, 8:46: ಅತ್ತೆಯದ್ದು ನಿಜವಾದದ್ದು. ಆದರೆ ಅದರ ಕೆಳಗೆ ಕೂದಲಿನಂಥ ಎಳೆಯೊಂದು ಚರ್ಮದ ಒಳಗೆ ಇಳಿದಿರುತ್ತೆ. ಅಲ್ಲಿನ ದ್ರವ ನೋಡಿ ಹೇಳುತ್ತೆ, ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ. ಅಂದರೆ ಚುಚ್ಚುವುದು ತಪ್ಪಿಲ್ಲ, ಹದಿನಾಲ್ಕು ದಿನಕ್ಕೊಮ್ಮೆ ಆಗಿದೆ ಅಷ್ಟೆ. ಚುಚ್ಚದೇ ಅಳೆಯುವ ವಾಚಿಗೂ ಒಮ್ಮೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು, 2001ರಲ್ಲಿ. ಸಣ್ಣ ಕರೆಂಟಿನಿಂದ ಚರ್ಮದೊಳಗಿನ ದ್ರವ ಎಳೆಯುತ್ತಿತ್ತು. ಚರ್ಮ ಕೆಂಪಾಗಿ ಉರಿಯುತ್ತಿತ್ತು. ಬೆವರಿದರೆ ಲೆಕ್ಕ ತಪ್ಪುತ್ತಿತ್ತು. ಅದನ್ನು ಸರಿ ಹೊಂದಿಸಲು ಬೆರಳು ಚುಚ್ಚಲೇಬೇಕಿತ್ತು!

ಸುಧತ್ತೆ, 8:48: ಆದ್ರೆ ನಂದು ದುಬಾರಿ ಕಣಪ್ಪ ಪ್ರಮೋದ. ತಿಂಗಳಿಗೆ ಎರಡು ಬೇಕು.

ಪ್ರಮೋದ, 8:50: ಅದಕ್ಕೇ ಅಲ್ವಾ ನಾನು 2,499ರದ್ದು ಹುಡುಕಿದ್ದು. ಸಹನಾ ಬೇಡ ಅನ್ನೋದು ಸುಲಭ. ಅಪ್ಪನ ಬೆರಳು ನೀನು ನೋಡಿದ್ದೀಯಾ?

ನೋಡಿದ್ದೇನೆ. ಬೆಲ್ಲದ ಪಾಕದ ಹದ ನೋಡಲು ಒಂದು ಚೂರನ್ನು ನೀರಿಗೆ ಬಿಟ್ಟು ಬಲಗೈಯ ಎರಡು ಬೆರಳಲ್ಲಿ ಉಂಡೆ ಕಟ್ಟುತ್ತಾರೆ. ಹದ ಬಂದಿದೆಯೋ ಇಲ್ಲವೋ ಅಂತ ಈಗಲೂ ಅವರೇ ಹೇಳಬೇಕು. ಆ ಬೆರಳ ತುದಿಗಳು ಚಪ್ಪಲಿಯ ಅಟ್ಟೆಯ ಹಾಗಿವೆ.

ಸಹನಾ, 8:55: ನೀನು ಹೇಳೋದು ಸರಿ ಪ್ರಮೋದ. ದೊಡ್ಡಪ್ಪ, ತುದಿಗೆ ಚುಚ್ಚಬೇಡಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ಅಲ್ಲಿ ಚರ್ಮ ಮೆತ್ತಗಿರುತ್ತೆ, ನೋವೂ ಕಡಿಮೆ.

ದೊಡ್ಡಮ್ಮ, 9:02: *ಧ್ವನಿ ಸಂದೇಶ* ಇಲ್ಲಿ ಮುದ್ದೆ ಆರಿ ಕಲ್ಲಾಗ್ತಾ ಇದೆ. 312 ಅಂತ ಬಂತಲ್ಲ, ಅದಕ್ಕೆ ಊಟ ಬೇಡ ಅಂತ ಕೂತವ್ರೆ. ನೀವು ನೋಡಿದ್ರೆ ಜಪಾನು ಅಮೆರಿಕಾ ಅಂತೀರಾ. ಮೊದಲು ಬೇರೆ ಮೀಟರ್ ಚೀಲ ಕೊಡಿಸ್ರಪ್ಪ. ಅದಕ್ಕೆ ಇರುವೆ ಮುತ್ತಿಕೊಂಡು ಬೀರು ತುಂಬಾ ಇರುವೆ ಆಗವೆ.

ಈ ಸಂದೇಶವನ್ನು ನಾನು ಎರಡು ಸಲ ಕೇಳಿದೆ. ಮೀಟರ್‌ಗೆ ಯಾಕೆ ಇರುವೆ?

ಸಹನಾ, 9:04: ದೊಡ್ಡಪ್ಪ, ಬೆಳಿಗ್ಗೆ ಎಲ್ಲಿ ಕೂತು ಚುಚ್ಚಿಕೊಂಡಿರಿ?

ದೊಡ್ಡಪ್ಪ, 9:05: ಆಲೆಮನೇಲಿ. ಎರಡನೇ ಕೊಪ್ಪರಿಗೆ ಇಳಿಸಿ ಬಂದು.

ಸಹನಾ, 9:05: ಕೈ ತೊಳೆದಿದ್ರಾ?

ದೊಡ್ಡಪ್ಪ, 9:07: ಪಂಚೆಗೆ ಒರೆಸಿಕೊಂಡಿದ್ದೆ.

ಚರ್ಮದ ಮೇಲೆ ಅಂಟಿದ್ದೂ ಸೇರಿಕೊಳ್ಳುತ್ತೆ ಅಂತ 8:33ಕ್ಕೆ ನಾನೇ ಬರೆದಿದ್ದೆ. ಬೆಲ್ಲದಲ್ಲಿ ಸ್ವಲ್ಪ ಗ್ಲೂಕೋಸೂ ಇರುತ್ತದೆ. ಆ ಬೆರಳಿನ ರಕ್ತದ ಹನಿಗೆ ಅದು ಕರಗಿದರೆ ಮೀಟರ್‌ನ ನೀರಗಂಟಿಗೆ ಯಾವುದು ರಕ್ತದ್ದು, ಯಾವುದು ಪಾಕದ್ದು ಅಂತ ಹೇಗೆ ಗೊತ್ತಾಗಬೇಕು? ಅರ್ಧ ಗಂಟೆ ಪಾಠ ಮಾಡಿದವಳಿಗೆ ಇದು ಹೊಳೆದಿರಲಿಲ್ಲ.

ಸಹನಾ, 9:10: ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಅದೇ ಬಲಗೈ ಬೆರಳಿನ ಪಕ್ಕಕ್ಕೆ ಚುಚ್ಚಿ ನೋಡಿ.

ದೊಡ್ಡಪ್ಪ, 9:21: *ಚಿತ್ರ* 168.

ದೊಡ್ಡಮ್ಮ, 9:22: *ಧ್ವನಿ ಸಂದೇಶ* ಹಂಗಾದ್ರೆ ಉಣ್ಣೋಕೆ ಎದ್ದೇಳಿ ಮತ್ತೆ!

ಪ್ರಮೋದ, 9:30: ಆರ್ಡರ್ ಕ್ಯಾನ್ಸಲ್ ಮಾಡೋಣ ಅಂದ್ರೆ ಆಗಲೇ ಕಳಿಸಿಯಾಗಿದೆ ಅಂತ ತೋರಿಸ್ತಿದೆ.

ದೊಡ್ಡಪ್ಪ, 9:48: ಬರಲಿ ಬಿಡು. ಮೊದಲು ಒಂದು ಬೆಲ್ಲದ ಅಚ್ಚಿಗೆ ಕಟ್ಟಿ ನೋಡ್ತೀನಿ. ಅದರ ಬಿ.ಪಿ. ಎಷ್ಟು ಅಂತ ತಿಳ್ಕೊಳ್ಳೋಣ.